ನಾನೇ ಪ್ರೂಫ್ ನೋಡಿದ ಗೃಹಪ್ರವೇಶದ ಕಾರ್ಡು

ಅಚ್ಚಿಗೆ ಹೋಗುವ ಕಾಗದ ಯಾವುದೇ ಇರಲಿ, ಅದು ಮೊದಲು ನನ್ನ ಕಣ್ಣ ಕೆಳಗೆ ಹಾದು ಹೋಗಬೇಕು ಎಂಬುದು ನಮ್ಮ ಶಾಲೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಡಂ. ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ಆಹ್ವಾನ, ನಿವೃತ್ತರಾಗುವವರಿಗೆ ಕೊಡುವ ಬಿನ್ನವತ್ತಳೆ, ಎಲ್ಲದರ ಪ್ರೂಫೂ ನನ್ನ ಮೇಜಿಗೇ ಬರುತ್ತದೆ. ರತ್ನ ಮೇಡಂ ಕೆಂಪು ಪೆನ್ನು ಹಿಡಿದು ಕೂತರೆ ಒಂದು ಚುಕ್ಕೆ ಕೂಡ ತಪ್ಪಿಸಿಕೊಳ್ಳಲಾರದು ಎಂದು ಹೆಡ್‌ಮೇಷ್ಟ್ರು ಸಭೆಯಲ್ಲೇ ಹೇಳಿದ್ದಾರೆ. ಅವರು ಹೇಳಿದ್ದನ್ನು ನಾನು ನಂಬಿದೆ. ಎಲ್ಲ ಅನಾಹುತಕ್ಕೂ ಮೂಲ ಅದೇ.

ಹೀಗಿರುವಾಗ ನಾವು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಮನೆ ಕಟ್ಟಿದೆವು. ಗೃಹಪ್ರವೇಶಕ್ಕೆ ದಿನವೂ ಗೊತ್ತಾಯಿತು. ಎಲ್ಲದಕ್ಕೂ ಉತ್ಸಾಹದಿಂದ ಓಡಾಡುತ್ತಿದ್ದ ನಮ್ಮ ಯಜಮಾನರು ಕಾರ್ಡಿನ ಮಾತು ಬಂದ ಕೂಡಲೇ ಸಪ್ಪಗಾದರು. ಕಾರಣ ಪಾರ್ವತಕ್ಕ.

ಪಾರ್ವತಕ್ಕ ನಮ್ಮವರ ಒಬ್ಬರೇ ಅಕ್ಕ. ಆಯನೂರಿಗೆ ಕೊಟ್ಟಿದ್ದಾರೆ. ಹೋದ ವರ್ಷ ನನ್ನ ಮೈದುನನ ಮಗುವಿನ ನಾಮಕರಣವಾಯಿತು. ಕಾರ್ಡು ಮಾಡಿಸಿದವನು ಮೈದುನ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಪಾರ್ವತಕ್ಕ. ಅವರ ಹೆಸರನ್ನು ಹೆಂಡತಿಯ ಕಡೆಯವರ ಹೆಸರುಗಳೆಲ್ಲ ಮುಗಿದ ಮೇಲೆ, ಊಟದ ಸಮಯದ ಪಕ್ಕದಲ್ಲಿ, ಜಾಗ ಉಳಿದಿತ್ತೆಂದು ಹಾಕಿಸಿದ್ದ. ಪಾರ್ವತಕ್ಕ ಬಂದರು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು, ಎಲೆಯ ಮುಂದೆ ಕೂರದೆ ಬಸ್ಸು ಹತ್ತಿದರು. ಅಂದಿನಿಂದ ನಮ್ಮ ಯಾರ ಮನೆಯ ಹೊಸಿಲನ್ನೂ ತುಳಿದಿರಲಿಲ್ಲ. ಫೋನು ಮಾಡಿದರೆ ಎತ್ತುತ್ತಿದ್ದರು. ‘ಹೂಂ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸುವವಳು ಮನೆಮಗಳು. ಮಗಳಿಲ್ಲದ ನಮಗೆ ಪಾರ್ವತಕ್ಕನೇ ಆಗಬೇಕು. ಅಕ್ಕ ಬಾರದೆ ಆ ಮನೆಯಲ್ಲಿ ಒಲೆ ಹಚ್ಚುವುದು ಹೇಗೆ ಎಂದು ನಮ್ಮವರು ಅನ್ನ ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಕೂತುಬಿಡುತ್ತಿದ್ದರು. ಅವರನ್ನು ಹಾಗೆ ನೋಡಲಾರದೆ ನಾನು ಘೋಷಿಸಿದೆ: ಈ ಸಲದ ಕಾರ್ಡಿನ ಸಂಪೂರ್ಣ ಜವಾಬ್ದಾರಿ ನನ್ನದು. ಪ್ರೂಫ್ ನಾನೇ ನೋಡುತ್ತೇನೆ. ಇನ್ನೊಬ್ಬರು ಕೈ ಹಾಕಕೂಡದು.

ನಮ್ಮ ಶಾಲೆಯ ಕೆಲಸವನ್ನೆಲ್ಲ ಮಾಡಿಕೊಡುವುದು ಸೆಲ್ವಿ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವಳ ತಂದೆ ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲೇ ನೆಲೆಸಿದವರು. ಅವಳು ಶಾಲೆಯ ಹತ್ತಿರ ಒಂದು ಪುಟ್ಟ ಪ್ರೆಸ್ ಇಟ್ಟುಕೊಂಡಿದ್ದಾಳೆ. ಕೆಳಗೆ ಅಂಗಡಿ, ಮೇಲೆ ಈಚೆಗೆ ಕಟ್ಟಿಸಿದ ಮನೆ. ಶಿವಮೊಗ್ಗದಲ್ಲಿ ಪ್ರೆಸ್ಸುಗಳಿಗೇನು ಬರವೇ ಎಂದು ನಮ್ಮವರು ಕೇಳಿದರು. ದಿನಾ ಕಣ್ಣೆದುರು ಕೂತು ಮಾಡಿಸದಿದ್ದರೆ ತಪ್ಪು ನುಸುಳುತ್ತದೆ ಎಂದು ಉಪನ್ಯಾಸ ಕೊಟ್ಟು ಬಾಯಿ ಮುಚ್ಚಿಸಿದೆ.

ಮೊದಲ ಪ್ರೂಫ್ ಬಂತು. ಪಾರ್ವತಕ್ಕನ ಹೆಸರು ಎಲ್ಲರಿಗಿಂತ ಮೇಲಿತ್ತು. ಆದರೂ ನನಗೆ ಸಮಾಧಾನವಿಲ್ಲ. ಅವರ ಹೆಸರು ಚಿಕ್ಕದು. ಮೈದುನನ ಹೆಂಡತಿಯ ಹೆಸರು ಉದ್ದ. ಉದ್ದ ಇದ್ದದ್ದು ದೊಡ್ಡದಾಗಿ ಕಾಣುತ್ತದಲ್ಲ? ಸ್ಕೇಲು ಇಟ್ಟು ಅಳೆದೆ. ಅಕ್ಷರ ದಪ್ಪ ಮಾಡಿಸಿದೆ. ಎರಡನೆಯ ಪ್ರೂಫಿನಲ್ಲಿ ಅವರ ಹೆಸರು ದೇವರ ಹೆಸರಿಗಿಂತ ದೊಡ್ಡದಾಗಿಬಿಟ್ಟಿತು. ವೀರಭದ್ರಸ್ವಾಮಿಗೆ ಸಿಟ್ಟು ಬಂದರೆ ಗತಿಯೇನು? ಅವನದನ್ನೂ ದಪ್ಪ ಮಾಡಿಸಿದೆ. ಅಷ್ಟಕ್ಕೇ ನಿಲ್ಲಿಸದೆ ‘ಹಾಲು ಉಕ್ಕಿಸುವವರು: ಶ್ರೀಮತಿ ಪಾರ್ವತಮ್ಮನವರು, ಆಯನೂರು’ ಎಂದು ಒಂದು ಸಾಲು ಪ್ರತ್ಯೇಕವಾಗಿ ಸೇರಿಸಿದೆ. ಇದನ್ನೆಲ್ಲ ಯಾರಾದರೂ ಕಾರ್ಡಿನಲ್ಲಿ ಹಾಕುತ್ತಾರೆಯೇ ಎಂದು ನಮ್ಮವರು ಗೊಣಗಿದರು. ನಾವು ಹಾಕುತ್ತೇವೆ ಎಂದೆ.

ಇಷ್ಟಾದರೂ ಎದೆಯಲ್ಲಿ ಅವಲಕ್ಕಿ ಕುಟ್ಟುವುದು ನಿಲ್ಲಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಪ್ರೂಫ್, ಒಗ್ಗರಣೆ ಹಾಕುವಾಗಲೂ ಪ್ರೂಫ್. ಕೊನೆಗೆ ಹತ್ತು ಜನರ ಕಣ್ಣು ಬೀಳಲಿ ಎಂದು ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ದಯವಿಟ್ಟು ಸೂಕ್ಷ್ಮವಾಗಿ ಪರಿಶೀಲಿಸಿ ಎಂದು ಕೇಳಿಕೊಂಡೆ. ಎಲ್ಲರೂ ಸೂಕ್ಷ್ಮವಾಗಿಯೇ ಪರಿಶೀಲಿಸಿದರು, ತಮ್ಮ ತಮ್ಮ ಹೆಸರನ್ನು. ತರೀಕೆರೆಯ ಚಿಕ್ಕಮಾವ, ಅಂದರೆ ನಮ್ಮವರ ಚಿಕ್ಕಪ್ಪ, ತಮ್ಮ ಹೆಸರಿನ ಮುಂದೆ ‘ನಿವೃತ್ತ’ ಎಂದು ಸೇರಿಸಲು ಹೇಳಿದರು. ದಾವಣಗೆರೆಯ ಒಬ್ಬ ಭಾವನಿಗೆ ಡಿಗ್ರಿ ಬೇಕಾಯಿತು. ಮೈದುನನ ಹೆಂಡತಿ ಏನೂ ಹೇಳದೆ ಒಂದು ಹೆಬ್ಬೆರಳನ್ನು ಮಾತ್ರ ಕಳಿಸಿದಳು. ಆ ಹೆಬ್ಬೆರಳಿನಲ್ಲಿ ಬೇಸರವಿತ್ತು. ಪಾರ್ವತಕ್ಕ ಆ ಗುಂಪಿನಿಂದ ಎಂದೋ ಹೊರನಡೆದಿದ್ದರು.

ಕೊನೆಯ ಪ್ರೂಫ್ ನೋಡಲು ಶಾಲೆ ಬಿಟ್ಟ ಮೇಲೆ ಪ್ರೆಸ್ಸಿಗೆ ಹೋದೆ. ಸೆಲ್ವಿ ಕಂಪ್ಯೂಟರಿನ ಮುಂದಿದ್ದಳು.

“ಮೇಡಂ, ಲೊಕೇಶನ್ ಕಳ್ಸಿ ಮೇಡಂ. ಮೂಲೇಲಿ ಕ್ಯೂಆರ್ ಕೋಡ್ ಹಾಕ್ಬಿಡ್ತೀನಿ. ಈಗ ಯಾರೂ ಅಡ್ರೆಸ್ ಓದಲ್ಲ, ಎಲ್ರೂ ಸ್ಕ್ಯಾನ್ ಮಾಡ್ಕೊಂಡೇ ಬರೋದು,” ಅಂದಳು.

ಒಳ್ಳೆಯ ಸಲಹೆ. ಕಾರ್ಡಿನಿಂದ ತಲೆ ಎತ್ತದೆಯೇ ಫೋನು ತೆಗೆದು, ಲೊಕೇಶನ್ ಎಂದಿದ್ದ ಕಡೆ ಒತ್ತಿ, ಮೊದಲು ಕಂಡದ್ದನ್ನು ಅವಳಿಗೆ ಕಳಿಸಿದೆ. ಅವಳು ಅದನ್ನು ಕಪ್ಪು ಚುಕ್ಕೆಗಳ ಒಂದು ಚೌಕ ಮಾಡಿ ಮೂಲೆಯಲ್ಲಿ ಕೂರಿಸಿದಳು. ಪರೀಕ್ಷಿಸದೆ ಬಿಡುವ ಹೆಂಗಸು ನಾನಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಸ್ಕ್ಯಾನ್ ಮಾಡಿದೆ. ನಾನಿದ್ದ ನೀಲಿ ಚುಕ್ಕೆಯೂ ಮನೆಯ ಕೆಂಪು ಗುರುತೂ ಒಂದರ ಮೇಲೊಂದು ಬಂದು ಕೂತವು. ನೀವು ತಲುಪಿದ್ದೀರಿ ಎಂದು ಫೋನು ಹೇಳಿತು. ಎಷ್ಟು ಕರಾರುವಾಕ್ಕು! ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸಂತೋಷದಿಂದ ಕೆಂಪು ಪೆನ್ನು ತೆಗೆದು ‘ಸರಿ ಇದೆ, ಮುದ್ರಿಸಬಹುದು’ ಎಂದು ಬರೆದು ಕೆಳಗೆ ರುಜು ಹಾಕಿದೆ.

ಓದುಗರಿಗೆ ಒಂದು ಮಾತು ತಿಳಿಸಬೇಕು. ಭೂಪಟದಲ್ಲಿ ಊರನ್ನು ಒಂದು ಬೆರಳು ಆಚೆ ಗುರುತಿಸಿದ ಮಕ್ಕಳಿಗೆ ನಾನು ಅಂಕ ಕೊಡುವುದಿಲ್ಲ.

ಕಾರ್ಡು ಬಂತು. ಮೂಲೆಗಳಿಗೆ ಅರಿಶಿನ ಹಚ್ಚಿ, ಮೊದಲನೆಯದನ್ನು ದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ಇಬ್ಬರೂ ಆಯನೂರಿಗೆ ಹೋದೆವು. ಪಾರ್ವತಕ್ಕ ನೀರು ಕೊಟ್ಟರು, ಕೂರಲು ಹೇಳಿದರು, ಕಾರ್ಡು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯಿತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಹಾಲು ಉಕ್ಕಿಸುವವರು ಎಂಬ ಸಾಲಿನ ಹತ್ತಿರ ಬೆರಳು ನಿಂತಿತು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಬರ್ತೀನಿ,” ಅಂದರು. “ಆದ್ರೆ ನಾನು ಬರೋಕೆ ಮುಂಚೆ ಬೇರೆ ಯಾರಾದ್ರೂ ಹಾಲು ಇಟ್ರೋ, ನಾನು ಹುಟ್ಟೇ ಇಲ್ಲ ಅಂದ್ಕೊಳ್ಳಿ.”

ನಮ್ಮವರು ಅಲ್ಲೇ ಕಣ್ಣೀರು ಹಾಕಿದರು. ಪಾರ್ವತಕ್ಕನ ಮಗ ಚೇತನ್ ಮನೆ ಎಲ್ಲಿ ಬರುತ್ತದೆ ಅತ್ತೆ ಎಂದು ಕೇಳಿದ. ಯಾರನ್ನೂ ಕೇಳುವ ಅಗತ್ಯವಿಲ್ಲ, ಮೂಲೆಯಲ್ಲಿರುವುದನ್ನು ಸ್ಕ್ಯಾನ್ ಮಾಡು, ಬಾಗಿಲಿಗೇ ತಂದು ಬಿಡುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ. ಸಾಗರದಲ್ಲೂ ಹಾಗೇ ಹೇಳಿದೆ, ತರೀಕೆರೆಯಲ್ಲೂ ಹಾಗೇ ಹೇಳಿದೆ. ದಾರಿ ವಿವರಿಸಲು ಹೊರಟ ನಮ್ಮವರನ್ನು ಎಲ್ಲ ಕಡೆಯೂ ತಡೆದೆ.

ಗೃಹಪ್ರವೇಶದ ಬೆಳಿಗ್ಗೆ ಎಲ್ಲವೂ ಸುಸೂತ್ರವಾಗಿತ್ತು. ಐನೋರು ಹೋಮ ಮುಗಿಸಿ ಮುಹೂರ್ತಕ್ಕೆ ಕಾಯುತ್ತಿದ್ದರು. ಅಕ್ಕಪಕ್ಕದವರು, ಶಿವಮೊಗ್ಗದ ಸ್ನೇಹಿತರು ಬಂದರು. ಪರ ಊರಿನಿಂದ ಮಾತ್ರ ಒಬ್ಬರೂ ಬರಲಿಲ್ಲ. ಕೇಸರಿಬಾತು ಗಟ್ಟಿಯಾಗುತ್ತಿದೆ ಎಂದು ಅಡುಗೆಯವರು ಎರಡು ಸಲ ಬಂದು ಹೇಳಿದರು. ನಮ್ಮವರು ಗೇಟಿಗೂ ಬಾಗಿಲಿಗೂ ಓಡಾಡಿ ಹೊಸ ಪಂಚೆಯ ಅಂಚನ್ನು ಮಣ್ಣು ಮಾಡಿಕೊಂಡಿದ್ದರು.

ಅಷ್ಟರಲ್ಲಿ ತರೀಕೆರೆ ಚಿಕ್ಕಮಾವನ ಫೋನು. ಬಂದು ನಿಂತು ಬಹಳ ಹೊತ್ತಾಯಿತು, ಚಪ್ಪರವೂ ಇಲ್ಲ ಜನವೂ ಇಲ್ಲ ಎಂದು ದೂರಿದರು. ವಯಸ್ಸಾದವರು, ಪಕ್ಕದ ರಸ್ತೆಗೆ ಹೋಗಿರುತ್ತಾರೆ ಎಂದುಕೊಂಡು, ಮ್ಯಾಪ್ ಹೇಳಿದ ಹಾಗೆ ಬನ್ನಿ ಎಂದು ತಾಳ್ಮೆಯಿಂದ ತಿಳಿಹೇಳಿದೆ.

“ಮ್ಯಾಪ್ ಇದೇ ಅಂತಿದೆ ಕಣಮ್ಮ. ಶಟರ್ ಹಾಕಿದೆ. ಮೇಲೆ ‘ಇಲ್ಲಿ ಲಗ್ನಪತ್ರಿಕೆಗಳನ್ನು ಮುದ್ರಿಸಿಕೊಡಲಾಗುವುದು’ ಅಂತ ಬೋರ್ಡಿದೆ,” ಅಂದರು.

ಯಾರಿಗೂ ಕಾಣದಂತೆ ಹೊಸ ಅಡುಗೆಮನೆಗೆ ಹೋಗಿ, ಇನ್ನೂ ಹಚ್ಚದ ಒಲೆಯ ಮುಂದೆ ನಿಂತು, ನಮ್ಮದೇ ಕಾರ್ಡನ್ನು ಸ್ಕ್ಯಾನ್ ಮಾಡಿದೆ. ನಾನು ನನ್ನ ಮನೆ ತಲುಪಬೇಕಾದರೆ ಬಿ.ಎಚ್. ರಸ್ತೆ ಹಿಡಿದು ಅರ್ಧ ಗಂಟೆಗೂ ಮೇಲೆ ಹೋಗಬೇಕು ಎಂದು ಫೋನು ಹೇಳಿತು.

ಅಂದು ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು ನಾನು ಕಳಿಸಿದ್ದು ಮನೆಯ ಲೊಕೇಶನ್ ಅಲ್ಲ, ಸ್ಟೂಲಿನ ಲೊಕೇಶನ್. ದುರದೃಷ್ಟ ಅಲ್ಲಿಗೂ ಮುಗಿಯಲಿಲ್ಲ. ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ, ಸೆಲ್ವಿಯ ಪ್ರೆಸ್ ಇರುವುದು ಅಲ್ಲೇ. ಕಾರ್ಡಿನಲ್ಲಿ ಹೊಸಮನೆ ಎಂದಷ್ಟೇ ಇದ್ದದ್ದರಿಂದ ವಿಳಾಸ ಓದಿದವರಿಗೂ ಅನುಮಾನ ಬಂದಿರಲಿಲ್ಲ. ರತ್ನ ಭದ್ರಾವತಿಯಲ್ಲಿ ಮೇಡಂ ತಾನೇ, ಶಾಲೆಗೆ ಹತ್ತಿರವಾಗಲಿ ಎಂದು ಅಲ್ಲೇ ಮನೆ ಕಟ್ಟಿದ್ದಾಳೆ ಎಂದು ಎಲ್ಲರೂ ಜಾಣತನದಿಂದ ಊಹಿಸಿದ್ದರು.

ಗಂಡನಿಗೆ ಹೇಳುವ ಧೈರ್ಯ ಬರಲಿಲ್ಲ. ಪಾರ್ವತಕ್ಕನ ಬಿಳಿ ಕಾರನ್ನಾದರೂ ತಡೆಯೋಣ ಎಂದು ಹಿಂಬಾಗಿಲಿನಿಂದ ಸ್ಕೂಟರ್ ತೆಗೆದು, ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ದೊಡ್ಡ ರಸ್ತೆಗೆ ಹೋದೆ. ಒಂದು ಪೆಟ್ರೋಲ್ ಬಂಕಿನ ಮುಂದೆ ನಿಂತು ಬಿಳಿ ಕಾರುಗಳಿಗೆಲ್ಲ ಕೈ ಅಡ್ಡ ಹಿಡಿದೆ. ಶಿವಮೊಗ್ಗದಲ್ಲಿ ಎಷ್ಟೊಂದು ಬಿಳಿ ಕಾರುಗಳಿವೆ! ಅವುಗಳ ನಡುವೆಯೇ ಗುಂಪಿಗೆ ಸಂದೇಶ ಕಳಿಸಿದೆ: ಕಾರ್ಡಿನ ಲೊಕೇಶನ್ ತಪ್ಪು, ಸರಿಯಾದ್ದು ಇಲ್ಲಿದೆ. ಕೆಳಗೆ ಲೊಕೇಶನ್ ಎಂದಿದ್ದ ಕಡೆ ಒತ್ತಿ, ಮೊದಲು ಕಂಡದ್ದನ್ನು ಕಳಿಸಿದೆ.

ಹೌದು. ಪೆಟ್ರೋಲ್ ಬಂಕ್.

ಚೇತನ್ ಕೊನೆಗೂ ಫೋನು ಎತ್ತಿದ. ಬಂದೇಬಿಟ್ವಿ ಅತ್ತೆ, ಮ್ಯಾಪ್ ಇದೇ ಅಂತಿದೆ, ಯಾರೋ ಮಹಡಿಗೆ ಕರೆದು ಕೂರಿಸಿದ್ದಾರೆ ಎಂದ. ನಮ್ಮ ಮನೆಗೆ ತಿರುಗುವ ದಾರಿಯನ್ನು ಅವರು ಎಂದೋ ದಾಟಿ ಹೋಗಿದ್ದರು. ಸೋಗಾನೆಯ ವಿಮಾನ ನಿಲ್ದಾಣದ ಬೋರ್ಡು ಕಂಡಾಗ ಪಾರ್ವತಕ್ಕ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯೋ ಎಂದು ಕೇಳಿದ್ದರಂತೆ. ಅತ್ತೆ ತಾವೇ ಚೆಕ್ ಮಾಡಿರೋದು, ತಪ್ಪಾಗಲ್ಲ ಎಂದು ಇವನು ನನ್ನ ಮರ್ಯಾದೆ ಕಾಪಾಡಿದ್ದ.

ಪಾರ್ವತಕ್ಕ ಫೋನು ಇಸಿದುಕೊಂಡರು.

“ಇದು ಯಾರ ಮನೆ?”

“ಪ್ರೆಸ್ಸು, ಅಕ್ಕ.”

“ನಿಮ್ಮ ಮನೆ ಎಲ್ಲಿ?”

“ಶಿವಮೊಗ್ಗದಲ್ಲಿ.”

“ಶಿವಮೊಗ್ಗ ದಾಟ್ಕೊಂಡೇ ಬಂದ್ವಲ್ಲೇ ನಾವು. ಹೋದ ಸಲ ನನ್ನ ಹೆಸರನ್ನ ಕೆಳಗೆ ಹಾಕಿದ್ರಿ. ಈ ಸಲ ನನ್ನನ್ನೇ ಊರಾಚೆ ಹಾಕಿದ್ದೀರಿ. ಇಟ್ಕೊಳ್ಳಿ ಹಾಲು, ಯಾರ ಕೈಲಿ ಬೇಕಾದ್ರೂ.”

ಫೋನು ಕಡಿಯಿತು. ಬಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಪೆಟ್ರೋಲ್ ಹಾಕುವವನು ಗಾಡಿ ಸ್ವಲ್ಪ ಮುಂದೆ ತಗೊಳ್ಳಿ ಅಮ್ಮ ಎಂದ.

ಮನೆಗೆ ಬಂದು ಎಲ್ಲರೆದುರೂ ಒಪ್ಪಿಕೊಂಡೆ. ನಮ್ಮವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೋಗಿ ಒಲೆಯ ಪಕ್ಕದ ಕಟ್ಟೆಗೆ ಒರಗಿ ನಿಂತರು. ಮುಹೂರ್ತ ಮೀರುತ್ತಿತ್ತು. ಮೈದುನನ ಹೆಂಡತಿಯೇ ಹಾಲು ಇಡಲಿ, ಅವಳೂ ಮನೆಯ ಹೆಣ್ಣುಮಗಳೇ ಅಲ್ಲವೇ ಎಂದು ಯಾರೋ ಅಂದರು. ಅವಳು ಪಾತ್ರೆಯ ಕಡೆ ಒಂದು ಹೆಜ್ಜೆ ಇಟ್ಟಳು.

“ಬೇಡ,” ಅಂದರು ನಮ್ಮವರು. “ನನ್ನಕ್ಕ ಬರೋ ತನಕ ಈ ಒಲೆ ಹಚ್ಚೋ ಹಾಗಿಲ್ಲ. ಬರದೇ ಇದ್ರೆ ಬಾಡಿಗೆ ಮನೆಗೇ ವಾಪಸ್ ಹೋಗ್ತೀವಿ.”

ಮದುವೆಯಾದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಐನೋರು ಪಂಚಾಂಗ ಮಡಚಿ, ಮಧ್ಯಾಹ್ನ ಅಭಿಜಿನ್ ಮುಹೂರ್ತ ಇದ್ದೇ ಇದೆ, ಅದಕ್ಕೆ ಯಾವ ದೋಷವೂ ಇಲ್ಲ, ಕಾಯೋಣ ಎಂದರು. ಅವರಿಗೂ ಹಸಿವಾಗಿತ್ತು ಪಾಪ.

ಕಾದೆವು. ನಡುವೆ ದಾವಣಗೆರೆ ಭಾವ ಫೋನು ಮಾಡಿ, ಬಂಕ್ ಹತ್ತಿರ ಬಂದಿದ್ದೀವಿ, ಗೃಹಪ್ರವೇಶ ಯಾವ ಪಂಪಿನ ಹತ್ತಿರ ಎಂದು ಕೇಳಿದರು. ಅವರನ್ನು ಕರೆತರಲು ಮೈದುನ ಹೋದ. ನಾನು ದೇವರ ಮುಂದೆ ಕೂತು ವೀರಭದ್ರಸ್ವಾಮಿಯನ್ನು ಬೇಡಿಕೊಂಡೆ. ಅವನ ಹೆಸರನ್ನು ದಪ್ಪ ಮಾಡಿಸಿದ್ದನ್ನೂ ನೆನಪಿಸಿದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮ ರಸ್ತೆಗೆ ಸಾಲಾಗಿ ಕಾರುಗಳು ಬಂದವು. ಮುಂದಿನ ಬಿಳಿ ಕಾರಿನಿಂದ ಪಾರ್ವತಕ್ಕ ಇಳಿದರು. ನಾನು ಕಂಬದ ಹಿಂದೆ ಸರಿದೆ. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಲೆಯಲ್ಲಿ ಮಾರುದ್ದ ಮಲ್ಲಿಗೆ, ಕೈಯಲ್ಲಿ ತಾಂಬೂಲ, ಹೊಸ ರವಿಕೆ ಕಣ. ನಮ್ಮ ಮನೆಗೆ ಬರುವ ಮೊದಲೇ ಯಾರೋ ಅವರಿಗೆ ಉಡಿ ತುಂಬಿದ್ದರು.

ನಡೆದದ್ದನ್ನು ಚೇತನ್ ಹೇಳಿದ. ರೇಷ್ಮೆ ಸೀರೆಯ ಜನ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತದ್ದನ್ನು ಮೇಲಿನಿಂದ ಕಂಡ ಸೆಲ್ವಿ ಎಲ್ಲರನ್ನೂ ಮಹಡಿಗೆ ಕರೆದು, ಚಹಾಕ್ಕೆಂದು ದೊಡ್ಡ ಪಾತ್ರೆಯಲ್ಲಿ ಹಾಲು ಇಟ್ಟಳು. ಪಾರ್ವತಕ್ಕ ನನ್ನೊಡನೆ ಫೋನಿನಲ್ಲಿ ಜಗಳವಾಡುತ್ತ ಒಲೆಯ ಪಕ್ಕದಲ್ಲೇ ನಿಂತಿದ್ದರು. ಫೋನು ಇಡುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಅದೂ ಪೂರ್ವದ ಕಡೆಗೆ, ಸರಿಯಾಗಿ ಕಾರ್ಡಿನಲ್ಲಿದ್ದ ಮುಹೂರ್ತಕ್ಕೆ. ಕಾರ್ಡಿನಲ್ಲಿರೋ ಹಾಗೇ ಆಯ್ತಲ್ಲಪ್ಪ, ಪಾರ್ವತೀನೇ ಉಕ್ಕಿಸಿದಳು ಎಂದು ಚಿಕ್ಕಮಾವ ಅಕ್ಷತೆ ಹಾಕಿಬಿಟ್ಟರಂತೆ. ಉಳಿದವರೂ ಹಾಕಿದರು. ಆಗ ಸೆಲ್ವಿ ಅಳಲು ಶುರು ಮಾಡಿದಳು. ಆ ಮನೆಗೆ ಅವಳು ಗೃಹಪ್ರವೇಶ ಮಾಡದೆ ಹಾಗೆಯೇ ಬಂದು ಸೇರಿದ್ದಳು. ಅಪ್ಪ ಅಮ್ಮ ಇಲ್ಲ. ನಾದಿನಿಯನ್ನು ಕರೆದರೆ ಅವಳು ಬಂದಿರಲಿಲ್ಲ. ಹಿರಿಯರೊಬ್ಬರು ನಿಂತು ತನ್ನ ಒಲೆಯ ಮೇಲೆ ಹಾಲು ಉಕ್ಕಿಸುತ್ತಾರೆಂದು ಅವಳು ಆಸೆಯನ್ನೇ ಬಿಟ್ಟಿದ್ದಳು. ಪಾರ್ವತಕ್ಕನ ಕಾಲಿಗೆ ಬಿದ್ದು, ಮಲ್ಲಿಗೆ ಮುಡಿಸಿ, ಉಡಿ ತುಂಬಿ ಕಳಿಸಿದಳಂತೆ.

ಪಾರ್ವತಕ್ಕ ನೇರವಾಗಿ ಅಡುಗೆಮನೆಗೆ ಬಂದರು. ಹಚ್ಚದ ಒಲೆಯನ್ನೂ ಅದರ ಪಕ್ಕದಲ್ಲಿ ಒರಗಿ ನಿಂತಿದ್ದ ತಮ್ಮನನ್ನೂ ನೋಡಿದರು. ತಮ್ಮನ ಕೆನ್ನೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಒಳ್ಳೇ ಮುಹೂರ್ತದ್ದು ಆ ಹುಡುಗಿಗೆ ಹೋಯ್ತು ಕಣೇ ಮಾರಾಯ್ತಿ. ನಿನಗೆ ಉಳಿದಿದ್ದು ಇದು,” ಎಂದು ಬೆಂಕಿಪೆಟ್ಟಿಗೆ ಕೇಳಿದರು.

ಹಾಲು ಉಕ್ಕಿತು. ಎಲೆಯ ಮುಂದೆ ಮೊದಲು ಕೂತವರು ಪಾರ್ವತಕ್ಕ. ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ಅವರು ಉಣ್ಣುವುದನ್ನು ನೋಡುತ್ತ ನಮ್ಮವರು ತಮ್ಮ ಊಟವನ್ನೇ ಮರೆತರು.

ಈಗ ಪಾರ್ವತಕ್ಕ ಬರುತ್ತಾರೆ, ಹೋಗುತ್ತಾರೆ. ಭದ್ರಾವತಿಗೂ ಹೋಗುತ್ತಾರೆ. ಮೊನ್ನೆ ನಾವು ಆಯನೂರಿಗೆ ಹೋದಾಗ ಅವರ ಪಡಸಾಲೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ ಇತ್ತು. ನಡುವೆ ಪಾರ್ವತಕ್ಕ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಸೆಲ್ವಿ, ಹಿಂದೆ ತರೀಕೆರೆಯವರು, ಸಾಗರದವರು, ಎಲ್ಲರ ಮುಖದಲ್ಲೂ ನಗು. ಪಕ್ಕದ ಮನೆಯ ಹೆಂಗಸು ಮಜ್ಜಿಗೆ ಕೇಳಲು ಬಂದರು. ಪಾರ್ವತಕ್ಕ ಫೋಟೋ ತೋರಿಸಿ, ಇದು ನನ್ನ ತಮ್ಮನ ಗೃಹಪ್ರವೇಶದ್ದು ಎಂದರು. ಆ ಹೆಂಗಸು ಹತ್ತಿರ ಹೋಗಿ ಒಂದೊಂದೇ ಮುಖ ನೋಡಿ, ಮನೆಯವರು ಇದರಲ್ಲಿ ಯಾರು ಎಂದು ಕೇಳಿದರು.

ಪಾರ್ವತಕ್ಕ ಉತ್ತರಕ್ಕಾಗಿ ನನ್ನ ಮುಖ ನೋಡಿದರು.

“ನಮಗೆ ಹೋಗೋಕೆ ಆಗಲಿಲ್ಲ ರೀ,” ಅಂದೆ.